‘ಇಂದ’, ‘ಒಳಗೆ’, ‘ನೆನಪು ಮಾಡು’: ನಮ್ಮ ಇಂಗ್ಲಿಷ್ ಎಡವುವ ಜಾಗಗಳು

ಗೊಂದಲದ ಇಂಗ್ಲಿಷ್ ಪದಗಳ ಪಟ್ಟಿ ಹುಡುಕಿದರೆ ಉಚ್ಚಾರ ಒಂದೇ, ಸ್ಪೆಲಿಂಗ್ ಬೇರೆ ಇರುವ ಜೋಡಿಗಳೇ ಹೆಚ್ಚು ಸಿಗುತ್ತವೆ. ಅವನ್ನು ಈಗ ಫೋನೇ ಅಷ್ಟಿಷ್ಟು ತಿದ್ದುತ್ತದೆ. ಕನ್ನಡಿಗರಿಗೆ ನಿಜವಾದ ತೊಡಕು ಬೇರೆಯೇ: ನಮ್ಮಲ್ಲಿ ಒಂದೇ ಮಾತಿನಲ್ಲಿ ಮುಗಿಯುವುದು ಅಲ್ಲಿ ಎರಡಾಗುತ್ತದೆ.

ಸಿನ್ಸ್, ಫಾರ್ ಜೋಡಿಯನ್ನೇ ನೋಡಿ. ‘2021ರಿಂದ ಇಲ್ಲಿದ್ದೇನೆ’, ‘ಮೂರು ವರ್ಷದಿಂದ ಇಲ್ಲಿದ್ದೇನೆ’, ಎರಡಕ್ಕೂ ನಮಗೆ ‘ಇಂದ’ ಸಾಕು. ಅದಕ್ಕೇ ‘ಸಿನ್ಸ್ ಥ್ರೀ ಇಯರ್ಸ್’ ಸಲೀಸಾಗಿ ಬಾಯಿಗೆ ಬರುತ್ತದೆ. ‘ಯಾವಾಗಿನಿಂದ?’ ಎಂಬ ಪ್ರಶ್ನೆಗೆ ಉತ್ತರವಾದರೆ ಸಿನ್ಸ್: ಸಿನ್ಸ್ 2021, ಸಿನ್ಸ್ ಮಂಡೇ. ‘ಎಷ್ಟು ಕಾಲದಿಂದ?’ ಎಂಬುದಕ್ಕಾದರೆ ಫಾರ್: ಫಾರ್ ಥ್ರೀ ಇಯರ್ಸ್. ಕೆಲವು ಕಡೆ ಎರಡೂ ಸರಿ, ಅರ್ಥ ಮಾತ್ರ ಬೇರೆ. ‘ಸಿನ್ಸ್ ಲಾಸ್ಟ್ ವೀಕ್’ ಅಂದರೆ ಹೋದ ವಾರ ಯಾವತ್ತೋ ಶುರುವಾದದ್ದು. ‘ಫಾರ್ ದ ಲಾಸ್ಟ್ ವೀಕ್’ ಅಂದರೆ ಕಳೆದ ಏಳು ದಿನವೂ.

ಇಷ್ಟು ಸರಿಮಾಡಿಕೊಂಡರೂ ಕ್ರಿಯಾಪದ ಕೈಕೊಡುತ್ತದೆ. ‘ಕೆಲಸ ಮಾಡ್ತಾ ಇದ್ದೀನಿ’ ಎನ್ನುವ ರೂಢಿಯಲ್ಲೇ ‘ಐ ಆಮ್ ವರ್ಕಿಂಗ್ ಹಿಯರ್ ಫಾರ್ ಥ್ರೀ ಇಯರ್ಸ್’ ಅಂದುಬಿಡುತ್ತೇವೆ. ಬೇಕಾದ್ದು ‘ಐ ಹ್ಯಾವ್ ಬೀನ್ ವರ್ಕಿಂಗ್’. ಇಂಟರ್‌ವ್ಯೂನಲ್ಲಿ ‘ಐ ವರ್ಕ್ಡ್ ದೇರ್ ಫಾರ್ ಥ್ರೀ ಇಯರ್ಸ್’ ಅಂದರಂತೂ ಆ ಕೆಲಸ ಬಿಟ್ಟಿದ್ದೀರಿ ಎಂದೇ ಅವರು ತಿಳಿಯುತ್ತಾರೆ.

ಆಫೀಸ್ ಮೇಲ್‌ಗಳಲ್ಲಿ ಹೆಚ್ಚು ಪೇಚಿಗೆ ಸಿಕ್ಕಿಸುವುದು ಬೈ ಮತ್ತು ಟಿಲ್. ರಿಪೋರ್ಟು ಶುಕ್ರವಾರದೊಳಗೆ ಕೈಸೇರಬೇಕಾದರೆ ‘ಬೈ ಫ್ರೈಡೇ’. ‘ಐ ವಿಲ್ ಸೆಂಡ್ ಇಟ್ ಟಿಲ್ ಫ್ರೈಡೇ’ ಅಂದರೆ ಶುಕ್ರವಾರದವರೆಗೆ ಕಳಿಸುತ್ತಲೇ ಇರುತ್ತೇನೆ ಎಂದಾಯಿತು! ದಿನದ ಹೆಸರಿದ್ದರೆ ಬೈ, ದಿನಗಳ ಲೆಕ್ಕವಿದ್ದರೆ ವಿದಿನ್: ‘ವಿದಿನ್ ಟೂ ಡೇಸ್’. ‘ಇನ್ ಟೂ ಡೇಸ್’ ಅಂದರೆ ಸಾಮಾನ್ಯವಾಗಿ ಎರಡು ದಿನ ಕಳೆದ ಮೇಲೆ. ‘ಬೈ ಫ್ರೈಡೇ’ ಅಂದಾಗ ಶುಕ್ರವಾರ ಬೆಳಗ್ಗೆಯೋ ಸಂಜೆಯೋ ಎಂಬ ತಕರಾರು ಇದ್ದೇ ಇರುತ್ತದೆ. ಗಂಟೆಯನ್ನೂ ಬರೆದುಬಿಡುವುದು ಕ್ಷೇಮ.

‘ನಾಳೆ ನೆನಪು ಮಾಡಿ’ ಎನ್ನಲು ‘ರಿಮೆಂಬರ್ ಮಿ ಟುಮಾರೋ’ ಅನ್ನಬೇಡಿ, ನಾಳೆ ನನ್ನನ್ನು ಸ್ಮರಿಸಿ ಎಂದಂತಾಗುತ್ತದೆ. ಇನ್ನೊಬ್ಬರಿಗೆ ನೆನಪು ಮಾಡಿಕೊಡುವುದು ರಿಮೈಂಡ್. ಹಾಗೆಯೇ ಲೆಂಡ್ ಕೊಡುವವರದು, ಬಾರೋ ಪಡೆಯುವವರದು. ‘ಬಾರೋ ಮಿ ಯುವರ್ ಪೆನ್’ ತಪ್ಪು.

‘ಐ ಹ್ಯಾವ್ ಅ ಡೌಟ್’ ನಮ್ಮ ದೇಶದ ಕ್ಲಾಸುಗಳಲ್ಲಿ ನಡೆಯುತ್ತದೆ, ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಆದರೆ ವಿದೇಶದ ಕ್ಲೈಂಟ್‌ಗೆ ಅದು ಅಪನಂಬಿಕೆಯಂತೆ ಕೇಳಿಸಬಹುದು. ಅಲ್ಲಿ ‘ಕ್ವೆಶ್ಚನ್’ ಅನ್ನಿ.

ಸ್ಪೆಲಿಂಗಿನದೂ ಒಂದು ಹೇಳಬೇಕು. ಅಡ್ವೈಸ್ ನಾಮಪದವಾದಾಗ ‘ಸಿ’ ಅಕ್ಷರ, ಕ್ರಿಯಾಪದವಾದಾಗ ‘ಎಸ್’ ಅಕ್ಷರ. ಕ್ರಿಯಾಪದದ ಕೊನೆಗೆ ಝ್ ಸದ್ದು. ನಾವು ಎರಡನ್ನೂ ಸ್ ಎಂದೇ ಉಚ್ಚರಿಸುವುದರಿಂದ ಬರೆಯುವಾಗ ಕಿವಿ ನೆರವಾಗುವುದಿಲ್ಲ. ನಾಮಪದಕ್ಕೆ ಬಹುವಚನವೂ ಇಲ್ಲ: ಹತ್ತು ಸಲಹೆ ಕೊಟ್ಟರೂ ‘ಸಮ್ ಅಡ್ವೈಸ್’ ಅಷ್ಟೇ.