ಕೈನೆಸಿನ್‌ಗೆ ದಾರಿ ಹೇಗೆ ಗೊತ್ತು?

ಜೀವಕೋಶದೊಳಗೆ ದೊಡ್ಡ ಮೂಟೆ ಹೊತ್ತು ಹೆಜ್ಜೆ ಹಾಕುವ ಕೈನೆಸಿನ್ ಅನ್ನುವ ಪ್ರೋಟೀನಿನ ಅನಿಮೇಷನ್ ನೀವೂ ನೋಡಿರಬಹುದು. ನೋಡಿದವರೆಲ್ಲ ನನ್ನನ್ನು ಕೇಳುವುದು ಒಂದೇ: "ಅದಕ್ಕೆ ಕಣ್ಣಿಲ್ಲ, ಮಿದುಳಿಲ್ಲ. ಯಾವ ಕಡೆ ಹೋಗಬೇಕು ಅಂತ ಹೇಗೆ ಗೊತ್ತಾಗುತ್ತೆ?"

ಗೊತ್ತಾಗಬೇಕಾದ್ದೇ ಇಲ್ಲ. ಅದರ ಮೈಕಟ್ಟೇ ಹಾಗಿದೆ, ಅದರಲ್ಲೂ ಕತ್ತು.

ಮೊದಲು ದಾರಿ ನೋಡೋಣ. ಮೈಕ್ರೋಟ್ಯೂಬ್ಯೂಲ್ ಅನ್ನುವ ಕೊಳವೆ ಟ್ಯೂಬುಲಿನ್ ಅನ್ನುವ ಪ್ರೋಟೀನಿನ ಜೋಡಿಗಳಿಂದ ಆದದ್ದು. ಒಂದೊಂದು ಜೋಡಿಯೂ 8 ನ್ಯಾನೋಮೀಟರ್ ಉದ್ದ. ಎಲ್ಲ ಜೋಡಿಗಳೂ ಒಂದೇ ಕಡೆ ಮುಖ ಮಾಡಿ ಕೂತಿರುತ್ತವೆ. ಹಾಗಾಗಿ ಕೊಳವೆಯ ಒಂದು ತುದಿ ಪ್ಲಸ್, ಇನ್ನೊಂದು ಮೈನಸ್.

ಕೈನೆಸಿನ್‌ಗೆ ಎರಡು ತಲೆ. ಹೆಸರು ತಲೆ, ಮಾಡುವುದು ಕಾಲಿನ ಕೆಲಸ. ಮುಂದಿನ ತಲೆಗೆ ಎಟಿಪಿ (ಜೀವಕೋಶದ ಇಂಧನದ ಅಣು) ಬಂದು ಕೂತ ಕೂಡಲೇ, ಆ ತಲೆಗೂ ಕತ್ತಿಗೂ ನಡುವಿನ ಪುಟ್ಟ ಎಳೆ ಪ್ಲಸ್ ಕಡೆಗೆ ಚಾಚಿ ತಲೆಯ ಮೈಗೆ ಅಂಟಿಕೊಳ್ಳುತ್ತದೆ. ಸುಮಾರು 15 ಅಮೈನೋ ಆಮ್ಲಗಳ ಎಳೆ, ಅಷ್ಟೇ. ಹಿಂದಿನ ತಲೆ ಹಿಡಿತ ಬಿಟ್ಟು ಮುಂದಕ್ಕೆ ಬರುತ್ತದೆ. ಅನಿಮೇಷನ್‌ನಲ್ಲಿ ಅದು ಠೀವಿಯಿಂದ ಕಾಲಿಡುತ್ತೆ. ನಿಜದಲ್ಲಿ ಸುತ್ತಲಿನ ನೀರಿನ ಕಣಗಳು ಅದನ್ನು ಎಲ್ಲ ಕಡೆಯಿಂದ ತಳ್ಳಾಡುತ್ತಿರುತ್ತವೆ. ಆ ತೂರಾಟದಲ್ಲೇ ಮುಂದಿನ ಜಾಗ ಸಿಕ್ಕಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಒಂದು ಎಟಿಪಿ, 8 ನ್ಯಾನೋಮೀಟರ್ ಮುಂದಕ್ಕೆ. ಹೀಗೆ ಸೆಕೆಂಡಿಗೆ ನೂರರಷ್ಟು ಹೆಜ್ಜೆ!

ದಿಕ್ಕು ತಲೆಯಲ್ಲೇ ಇರಬೇಕು ಅಲ್ವಾ ಅಂತ ಅನ್ನಿಸಬಹುದು. ಹಣ್ಣುನೊಣದ ಎನ್‌ಸಿಡಿ ಅನ್ನುವ ಮೋಟಾರನ್ನು, ಅಂದರೆ ಹೀಗೆ ನಡೆಯುವ ಇನ್ನೊಂದು ಪ್ರೋಟೀನನ್ನು, ನೋಡಿ. ಇದೂ ಕೈನೆಸಿನ್ ಮನೆತನದ್ದೇ. ತಲೆಯ ಆಕಾರವೂ ಹೆಚ್ಚುಕಡಿಮೆ ಅದೇ. ಆದರೆ ಹೋಗುವುದು ಉಲ್ಟಾ, ಮೈನಸ್ ಕಡೆಗೆ. ಯಾಕೆಂದರೆ ಇದರ ಕತ್ತು ತಲೆಯ ಇನ್ನೊಂದು ಕೊನೆಗೆ ಜೋಡಣೆಯಾಗಿದೆ. 2000ದಲ್ಲಿ ವಿಜ್ಞಾನಿಗಳು ಇದರ ಕತ್ತಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಿಸಿದರು. ಮೋಟಾರ್ ನಿಲ್ಲಲಿಲ್ಲ, ಎರಡೂ ಕಡೆ ಓಡಾಡತೊಡಗಿತು! ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಪ್ರಯೋಗ ಇದು.

ಹೆಜ್ಜೆಯ ಅಳತೆಗೂ ಕತ್ತೇ ಮುಖ್ಯ. ಜೀವಕೋಶದಲ್ಲಿ ಆಕ್ಟಿನ್ ಅನ್ನುವ ಬೇರೊಂದು ಪ್ರೋಟೀನ್ ಎಳೆಯ ದಾರಿಯೂ ಇದೆ. ಅದರ ಮೇಲೆ ನಡೆಯುವ ಮಯೋಸಿನ್-5 ಅನ್ನುವ ಮೋಟಾರಿನ ಕತ್ತು ಉದ್ದನೆಯ ಕೋಲಿನ ಹಾಗೆ. ಒಂದು ಹೆಜ್ಜೆಗೆ ಸುಮಾರು 36 ನ್ಯಾನೋಮೀಟರ್ ದಾಟುತ್ತದೆ. ಆಕ್ಟಿನ್ ಹಗ್ಗದ ಹಾಗೆ ಹುರಿಗೊಂಡಿರುತ್ತದೆ, ಅದರ ತಿರುವು ಮರಳಿ ಬರುವುದೂ ಸರಿಸುಮಾರು ಅಷ್ಟೇ ದೂರಕ್ಕೆ. ಹಾಗಾಗಿ ಎಳೆಯನ್ನು ಸುತ್ತಿ ಸುತ್ತಿ ಹೋಗುವ ಕಷ್ಟವಿಲ್ಲ, ನೇರವಾಗಿ ನಡೆಯಬಹುದು. ಕೋಲನ್ನು ಗಿಡ್ಡ ಮಾಡಿದರೆ ಹೆಜ್ಜೆಯೂ ಗಿಡ್ಡ.

ಅದೇ ಮನೆತನದ ಮಯೋಸಿನ್-6 ಮಾತ್ರ ಆಕ್ಟಿನ್ ಮೇಲೆ ಉಲ್ಟಾ ದಿಕ್ಕಿಗೆ ಹೋಗುತ್ತದೆ. ಅದರಲ್ಲೂ ಎಂಜಿನ್ ಅದೇ. ತಲೆಗೂ ಕೋಲಿಗೂ ನಡುವೆ ಒಂದು ತುಣುಕು ಜಾಸ್ತಿ ಇದೆ, ಅದು ಕೋಲನ್ನೇ ಇನ್ನೊಂದು ಕಡೆಗೆ ತಿರುಗಿಸಿಬಿಟ್ಟಿದೆ.