ದಪ್ಪತಲೆ ನೊಣಕ್ಕೆ ಬೆನ್ನಿನ ಫೋಟೋ ಸಾಲದು

ಕಣಜದಂಥ ಹಳದಿ-ಕಪ್ಪು ಪಟ್ಟೆ, ಸಪೂರ ಸೊಂಟ. ಇಂಥ ನೊಣ ಕಂಡರೆ ಎಲ್ಲರೂ ಬೆನ್ನನ್ನೇ ತೆಗೆಯುತ್ತಾರೆ. ಗುರುತಿಗೆ ಬೇಕಾದದ್ದು ಮಾತ್ರ ಪಕ್ಕದ ನೋಟದಲ್ಲಿದೆ.

ಮೊದಲು ಕುಡಿಮೀಸೆ ನೋಡಿ. ಈ ನೊಣಗಳ ಕೋನಾಪ್ಸ್, ಫೈಸೋಸೆಫಾಲಾ ಎಂಬ ಎರಡು ಕುಲಗಳಲ್ಲೂ ಅದು ಉದ್ದ, ತುದಿಯಲ್ಲಿ ಚಿಕ್ಕ ಮೊನೆ. ಸೈಕಸ್, ಮಯೋಪಾ ಕುಲಗಳಲ್ಲಿ ಗಿಡ್ಡ, ಕೂದಲು ಮೇಲ್ಬದಿಯಿಂದ ಹೊರಟಿರುತ್ತದೆ. ಹೀರುನಳಿಕೆಯೂ ಮಡಚುಚಾಕುವಿನಂತೆ ನಡುವೆ ಇನ್ನೊಮ್ಮೆ ಮಡಚುತ್ತದೆ. ಮಯೋಪಾದ ಅಗಲ ಬಿಳಿ ಕೆನ್ನೆ ದೂರದಿಂದಲೇ ಗೊತ್ತಾಗುತ್ತದೆ, ಅಲ್ಲಿ ತಲೆಬಿಸಿ ಕಡಿಮೆ.

ತಲೆಬಿಸಿ ಮೊದಲ ಜೋಡಿಯದ್ದು. ಹಿಂಗಾಲಿನ ತೊಡೆ ಬುಡದ ಅರ್ಧದಲ್ಲಿ ಥಟ್ಟನೆ ಉಬ್ಬಿ, ಆಮೇಲೆ ಸಪೂರವಾದರೆ ಫೈಸೋಸೆಫಾಲಾ. ಉಬ್ಬಿಲ್ಲದೆ ಒಂದೇ ಸಮನಾಗಿ ಸಾಗಿದರೆ ಕೋನಾಪ್ಸ್. ಕಾಲು ಕ್ಯಾಮೆರಾದ ಕಡೆಗೆ ಚಾಚಿದ್ದರೆ ಈ ಉಬ್ಬು ಕಾಣುವುದೇ ಇಲ್ಲ. ಹಾಗಾಗಿ ನೊಣ ಹೂವಿನ ಮೇಲೆ ಸುತ್ತುವಾಗ ಒಂದೇ ಕೋನಕ್ಕೆ ಅಂಟಿಕೊಳ್ಳದೆ ಏಳೆಂಟು ಫೋಟೋ ತೆಗೆಯಿರಿ.

ಯುರೋಪಿನ ಎರಡು ಕೋನಾಪ್ಸ್ ಪ್ರಭೇದಗಳಲ್ಲಿ ಫ್ಲಾವಿಪೆಸ್‌ಗೆ ತೊಡೆಯ ಬುಡ ಕಪ್ಪು, ಕ್ವಾಡ್ರಿಫಾಸಿಯಾಟಸ್‌ಗೆ ತೊಡೆ ಬಹುತೇಕ ಹಳದಿ. ಫ್ಲ್ಯಾಶ್ ಬಿದ್ದರೆ ಈ ವ್ಯತ್ಯಾಸ ಮಸುಕಾಗುತ್ತದೆ. ಮೈಮೇಲಿನ ಬೆಳ್ಳಿಪುಡಿಯಂಥ ಹೊಳಪಂತೂ ಬೆಳಕು ತಿರುಗಿದಂತೆ ತಾನೂ ಜಾಗ ಬದಲಿಸುತ್ತದೆ, ಅದನ್ನು ಒಂದೇ ಫೋಟೋದಲ್ಲಿ ನೋಡಿ ನಂಬಬೇಡಿ.

ಹೊಟ್ಟೆಯಡಿ ಮುಂಚಾಚಿದ ದಿಂಡು ಕಂಡರೆ ಅದು ಹೆಣ್ಣು. ದಿಂಡಿನ ಗಾತ್ರ, ಆಕಾರವೂ ಕೆಲವು ಪ್ರಭೇದಗಳಿಗೆ ಗುರುತು. ಇಷ್ಟಾದರೂ ಕೆಲವು ಫೋಟೋಗಳಲ್ಲಿ ಕುಲದ ಹೆಸರಿಗೇ ನಿಲ್ಲಬೇಕಾಗುತ್ತದೆ. ನನ್ನ ಲೆಕ್ಕದಲ್ಲಿ ಅದೂ ಪೂರ್ತಿ ಉತ್ತರವೇ. ಊಹಿಸಿ ಬರೆದ ಪ್ರಭೇದದ ಹೆಸರನ್ನು ಆಮೇಲೆ ದಾಖಲೆಯಿಂದ ಅಳಿಸುವುದು ಬಲು ಕಷ್ಟ.