ಮೂರು ಸಂಜೆ, ಒಂದು ಡೈಲಾಗ್

ನನ್ನ ಪುಟ್ಟ ಚಿತ್ರ ವೀಕ್ಷಕಕ್ಕೆ ‘ಫೈಲ್ ತೆರೆ’ ಬಟನ್ ಸೇರಿಸಲು ಮೂರು ಸಂಜೆ ಹಿಡಿಯಿತು. ಸಿ ಭಾಷೆ, ವಿಂಡೋಸ್, ಬೇರೆ ಲೈಬ್ರರಿ ಏನೂ ಇಲ್ಲ. ಓಪನ್‌ಫೈಲ್‌ನೇಮ್ ಸ್ಟ್ರಕ್ಚರ್ (ಬೇಕಾದ ವಿವರಗಳ ಕಟ್ಟು) ತುಂಬಿಸಿ, ಫೈಲ್ ಆಯ್ಕೆಯ ಕಿಟಕಿ (ಡೈಲಾಗ್) ತೋರಿಸುವ ವಿಂಡೋಸ್ ಫಂಕ್ಷನ್ ಗೆಟ್‌ಓಪನ್‌ಫೈಲ್‌ನೇಮ್ ಕರೆದೆ. ಬಟನ್ ಒತ್ತಿದರೆ ಡೈಲಾಗೇ ಬರಲಿಲ್ಲ. ಫಂಕ್ಷನ್ ಸುಮ್ಮನೆ ಸೊನ್ನೆ ಕೊಡುತ್ತಿತ್ತು.

ಈ ಸೊನ್ನೆಗೆ ಎರಡು ಅರ್ಥ. ಬಳಸುವವರು ಕ್ಯಾನ್ಸಲ್ ಒತ್ತಿರಬಹುದು, ಇಲ್ಲವೇ ನಿಜಕ್ಕೂ ಏನೋ ಕೆಟ್ಟಿರಬಹುದು. ಯಾವುದೆಂದು ತಿಳಿಯಲು ದೋಷದ ಸಂಖ್ಯೆ ಹೇಳುವ ಫಂಕ್ಷನ್ ಕಾಮ್‌ಡಿಎಲ್‌ಜಿ‌ಎಕ್ಸ್‌ಟೆಂಡೆಡ್‌ಎರರ್ ಕರೆಯಬೇಕು. ಕ್ಯಾನ್ಸಲ್ ಆಗಿದ್ದರೆ ಅದೂ ಸೊನ್ನೆಯೇ. ನನಗೆ ಬಂದದ್ದು ಹೆಕ್ಸಾಡೆಸಿಮಲ್ 3002, ಅಂದರೆ ಫೈಲ್ ಹೆಸರು ಅಸಿಂಧು. ನಾನಿನ್ನೂ ಹೆಸರನ್ನೇ ಕೊಟ್ಟಿಲ್ಲವಲ್ಲ!

ಕೊಟ್ಟಿದ್ದೆ. ಆಯ್ದ ಹೆಸರು ಬಂದು ಕೂರಲೆಂದು 260 ಅಕ್ಷರಗಳ ಬಫರ್ (ಮೆಮೊರಿಯಲ್ಲಿ ಕಾದಿಟ್ಟ ಜಾಗ) ಇಟ್ಟಿದ್ದೆ, ಖಾಲಿ ಮಾಡಿರಲಿಲ್ಲ. ಡೈಲಾಗ್ ತೆರೆಯುವ ಮುನ್ನ ಫಂಕ್ಷನ್ ಅದೇ ಬಫರನ್ನು ಓದಿ, ಅಲ್ಲಿರುವುದನ್ನು ಮೊದಲೇ ತುಂಬಿದ ಹೆಸರೆಂದು ತೋರಿಸುತ್ತದೆ. ಸ್ಟ್ಯಾಕ್‌ನಲ್ಲಿ (ಫಂಕ್ಷನ್‌ಗಳ ತಾತ್ಕಾಲಿಕ ಮೆಮೊರಿ) ಬಿದ್ದಿದ್ದ ಕಸವನ್ನೇ ಅದು ಹೆಸರೆಂದು ಓದಿತ್ತು. ಮೊದಲ ಅಕ್ಷರಕ್ಕೆ ನಲ್ (ಪಠ್ಯ ಮುಗಿಯಿತೆನ್ನುವ ಸೊನ್ನೆ) ಇಟ್ಟೆ. ಡೈಲಾಗ್ ತೆರೆದುಕೊಂಡಿತು. ಆ ಕ್ಷಣದ ಖುಷಿ ಇನ್ನೂ ನೆನಪಿದೆ.

ಈಗ ಇಡೀ ಸ್ಟ್ರಕ್ಚರನ್ನೇ ಮೊದಲು ಸೊನ್ನೆ ಮಾಡಿ, ಆಮೇಲೆ ಅದರ ಗಾತ್ರ ಬರೆಯುತ್ತೇನೆ. ಯಾವ ಬಗೆಯ ಫೈಲ್ ತೋರಿಸಬೇಕೆಂದು ಹೇಳುವ ಫಿಲ್ಟರ್ ಬೇರೆ ಥರ: ವಿವರಣೆ, ನಲ್, ಫೈಲ್ ಹೆಸರಿನ ಮಾದರಿ, ನಲ್, ಕೊನೆಗೆ ಇನ್ನೊಂದು ನಲ್. ಆ ಕೊನೆಯದು ಬಿಟ್ಟುಹೋದರೆ ಪಟ್ಟಿ ಎಲ್ಲಿ ಮುಗಿಯಿತೆಂದು ಡೈಲಾಗ್‌ಗೆ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು: ಆಯ್ಕೆಯಾದ ಮೇಲೆ ಪ್ರೋಗ್ರಾಂನ ಪ್ರಸ್ತುತ ಫೋಲ್ಡರ್ (ಬರೀ ಹೆಸರು ಕೊಟ್ಟ ಫೈಲನ್ನು ಅದು ಹುಡುಕುವ ಜಾಗ) ಬದಲಾಗಬಹುದು. ಹಾಗಾಗಿ ನನ್ನ ಸೆಟ್ಟಿಂಗ್ಸ್ ಫೈಲಿಗೆ ಪೂರ್ತಿ ಪಾಥ್ ಕೊಟ್ಟಿದ್ದೇನೆ.